ಊರಿನ ಆಸ್ಪತ್ರೆ ದೊಡ್ಡ ಚೈನ್‌ಗೆ ಸೇರಿತು: ಅಲ್ಲೇ ಇರೋದಾ, ಡಾಕ್ಟರ ಹಿಂದೆ ಹೋಗೋದಾ, ಬೇರೆ ಕಡೆ ನೋಡೋದಾ?

ಅಮ್ಮ ಹನ್ನೊಂದು ವರ್ಷ ಒಂದೇ ಆಸ್ಪತ್ರೆಗೆ ಹೋದರು. ಮನೆಯಿಂದ ಎರಡು ಸ್ಟಾಪ್ ದೂರದಲ್ಲಿದ್ದ ಅರವತ್ತು ಹಾಸಿಗೆಯ ಆಸ್ಪತ್ರೆ. ಮೊದಲು ಶುಗರ್, ಆಮೇಲೆ ಬಿಪಿ, ಆಮೇಲೆ ಕಿಡ್ನಿ ತೊಂದರೆ, ಎಲ್ಲಕ್ಕೂ ಅಲ್ಲೇ. ಅಮ್ಮನ ಎಡಗೈಯಲ್ಲಿ ನರ ಸಿಗೋದಿಲ್ಲ ಅಂತ ರಕ್ತ ತೆಗೆಯುವ ಸಿಸ್ಟರ್‌ಗೆ ಗೊತ್ತಿತ್ತು. ಹೇಳದೆಯೇ ಬಲಗೈ ಕಡೆ ಬಂದು ಕೂರುತ್ತಿದ್ದರು.

ಒಂದು ಸೋಮವಾರ ಹೋದಾಗ ಗೇಟಿನ ಮೇಲೆ ಹೊಸ ಬೋರ್ಡ್ ಇತ್ತು. ಕೌಂಟರ್‌ನಲ್ಲಿ ಹೊಸ ಹುಡುಗಿ. ಅಮ್ಮನ ಹಳೇ ನಂಬರ್ ಹೇಳಿದೆ. "ಇದು ಸಿಸ್ಟಂನಲ್ಲಿ ಬರ್ತಿಲ್ಲ ಸರ್, ಹೊಸದಾಗಿ ರಿಜಿಸ್ಟರ್ ಮಾಡಿಸಿ" ಎಂದಳು. ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ, ಅಂದರೆ ಕ್ರಿಯಾಟಿನಿನ್‌ನ, ಹನ್ನೊಂದು ವರ್ಷದ ಲೆಕ್ಕ ಆ ಹಳೇ ನಂಬರಿನಲ್ಲಿತ್ತು. ಅವತ್ತು ನಮ್ಮ ಕೈ ಹಿಡಿದದ್ದು ಅಮ್ಮ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿಟ್ಟಿದ್ದ ಹಳೇ ರಿಪೋರ್ಟ್‌ಗಳು.

ಆಮೇಲೆ ಮೂರು ತಿಂಗಳು ಅಲ್ಲೇ ಮುಂದುವರಿಯಬೇಕಾ, ಬೇರೆ ಕಡೆ ಹೋಗಬೇಕಾ ಅಂತ ಓಡಾಡಿದೆ. ಕೊನೆಗೆ ಒಂದು ವಿಷಯ ಅರ್ಥವಾಯಿತು. ಆಸ್ಪತ್ರೆ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಬೋರ್ಡ್ ಒಂದು ದಿನ ಬದಲಾಗುತ್ತದೆ. ದರಪಟ್ಟಿ ಇನ್ನೊಂದು ದಿನ. ಇನ್ಶೂರೆನ್ಸ್ ಒಪ್ಪಂದ ಮತ್ತೊಂದು ದಿನ. ಡಾಕ್ಟರು ಆರು ತಿಂಗಳು ಕಾದು ನೋಡಿ ಆಮೇಲೆ ಹೊರಡಬಹುದು. ಹಾಗಾಗಿ "ಹೊಸ ಮ್ಯಾನೇಜ್‌ಮೆಂಟ್ ಹೇಗಿದೆ?" ಅಂತ ಒಂದೇ ಪ್ರಶ್ನೆ ಕೇಳಿದರೆ ಪ್ರಯೋಜನವಿಲ್ಲ. ಡಾಕ್ಟರು, ದರ, ಕಾರ್ಡು, ಫೈಲು, ಈ ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳಬೇಕು. ಉತ್ತರಗಳೂ ಬೇರೆ ಬೇರೆ ಬರುತ್ತವೆ.

ಮೊದಲು, ಏನು ನಡೆದಿದೆ ಅಂತ ತಿಳಿದುಕೊಳ್ಳಿ

ಬೆಂಗಳೂರಿನವರಿಗೆ ಇದು ಹೊಸದಲ್ಲ. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯನ್ನೇ ನೋಡಿ. ಮೊದಲು ವೊಕಾರ್ಡ್ ಅಂತ ಇತ್ತು. 2009ರಲ್ಲಿ ಫೋರ್ಟಿಸ್ ಕಂಪನಿ ವೊಕಾರ್ಡ್‌ನ ಹತ್ತು ಆಸ್ಪತ್ರೆಗಳನ್ನು ಕೊಂಡಾಗ ಅದು ಫೋರ್ಟಿಸ್ ಆಯಿತು. 2018ರಲ್ಲಿ ಮಲೇಷ್ಯಾದ ಐಎಚ್‌ಎಚ್ ಸಂಸ್ಥೆ ಫೋರ್ಟಿಸ್‌ನ ಹಿಡಿತ ಪಡೆಯಿತು. ಆ ಸಲ ಬೋರ್ಡ್ ಬದಲಾಗಲಿಲ್ಲ, ಯಜಮಾನರು ಮಾತ್ರ ಬದಲಾದರು.

ಕೊಲಂಬಿಯಾ ಏಷ್ಯಾ ಇನ್ನೂ ದೊಡ್ಡ ಉದಾಹರಣೆ. ಭಾರತದಲ್ಲಿ ಅವರ ಮೊದಲ ಆಸ್ಪತ್ರೆ 2005ರಲ್ಲಿ ಶುರುವಾದದ್ದು ನಮ್ಮ ಹೆಬ್ಬಾಳದಲ್ಲಿ. 2020ರ ನವೆಂಬರ್‌ನಲ್ಲಿ ಮಣಿಪಾಲ್ ಹಾಸ್ಪಿಟಲ್ಸ್ ಅದರ ಭಾರತದ 11 ಆಸ್ಪತ್ರೆಗಳನ್ನು ಕೊಳ್ಳುವುದಾಗಿ ಹೇಳಿತು, 2021ರಲ್ಲಿ ಕೆಲಸ ಮುಗಿಯಿತು. ಹೆಬ್ಬಾಳ, ಯಶವಂತಪುರ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಮೈಸೂರು, ಎಲ್ಲ ಕಡೆ ಬೋರ್ಡ್ ಬದಲಾಯಿತು. ಅದೇ ವರ್ಷ ಮಿಲ್ಲರ್ಸ್ ರಸ್ತೆಯ ವಿಕ್ರಂ ಆಸ್ಪತ್ರೆಯೂ ಮಣಿಪಾಲ್ ಸೇರಿತು. 2022ರಲ್ಲಿ ಹೊಸೂರು ರಸ್ತೆಯ ಹೆಲ್ತ್ ಸಿಟಿಯೊಳಗಿದ್ದ ಸ್ಪರ್ಶ್‌ನ ಮೂಳೆ ಆಸ್ಪತ್ರೆಯನ್ನು ನಾರಾಯಣ ಹೆಲ್ತ್ ಕೊಂಡಿತು. 2024ರ ನವೆಂಬರ್‌ನಲ್ಲಿ ಆಸ್ಟರ್ ಕಂಪನಿ ಮತ್ತು ಕೇರ್ ಆಸ್ಪತ್ರೆಗಳನ್ನು ನಡೆಸುವ ಕ್ವಾಲಿಟಿ ಕೇರ್ ಕಂಪನಿ ಒಂದಾಗುವುದಾಗಿ ಘೋಷಿಸಿದವು.

ಇವೆಲ್ಲ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ರೋಗಿಗೆ ಮಾತ್ರ ಬೇರೆ ಬೇರೆ. ಮೇಲಿನ ಕಂಪನಿಯ ಷೇರು ಕೈ ಬದಲಾದರೆ ನಿಮ್ಮ ಮಟ್ಟಿಗೆ ತಕ್ಷಣ ಏನೂ ಆಗದಿರಬಹುದು. ಆಸ್ಪತ್ರೆಯನ್ನೇ ಪೂರ್ತಿ ಕೊಂಡರೆ ದರ, ಸಾಫ್ಟ್‌ವೇರ್, ಲ್ಯಾಬ್, ಔಷಧಿ ಅಂಗಡಿ, ಎಲ್ಲವೂ ನಿಧಾನಕ್ಕೆ ದೊಡ್ಡ ಸಂಸ್ಥೆಯ ಪದ್ಧತಿಗೆ ಬರುತ್ತವೆ. ಮೂರನೇ ಬಗೆಯೂ ಇದೆ: ಕಟ್ಟಡ ಟ್ರಸ್ಟಿನದು, ನಡೆಸುವುದು ಮಾತ್ರ ದೊಡ್ಡ ಸಂಸ್ಥೆ. ಇಂಥ ಕಡೆ ಟ್ರಸ್ಟ್ ಮೊದಲಿನಿಂದ ಬಡವರಿಗೆ ಕೊಡುತ್ತಿದ್ದ ರಿಯಾಯಿತಿ ಮುಂದೆಯೂ ಇದೆಯಾ ಅಂತ ಬಾಯಿಬಿಟ್ಟು ಕೇಳಲೇಬೇಕು.

ಹೆಸರು ನೋಡಿ ಮೋಸ ಹೋಗಬೇಡಿ. ಕರಾವಳಿಯವರು ತಲೆಮಾರುಗಳಿಂದ "ಮಣಿಪಾಲಕ್ಕೆ ಹೋಗಿ ಬಂದೆವು" ಅನ್ನುವ ಕಸ್ತೂರ್ಬಾ ಆಸ್ಪತ್ರೆ ಮಾಹೆ ವಿಶ್ವವಿದ್ಯಾಲಯದ್ದು. ಬೆಂಗಳೂರಿನ ಮಣಿಪಾಲ್ ಹಾಸ್ಪಿಟಲ್ಸ್ ಬೇರೆ ಕಂಪನಿ. ಅದರಲ್ಲಿ 2023ರಿಂದ ದೊಡ್ಡ ಪಾಲು ಸಿಂಗಾಪುರ ಸರ್ಕಾರದ ಹೂಡಿಕೆ ಕಂಪನಿ ಟೆಮಾಸೆಕ್‌ನದು. ಉಡುಪಿ ಕಡೆಯ ಮನೆಗಳಲ್ಲಿರುವ ಮಣಿಪಾಲ ಆರೋಗ್ಯ ಕಾರ್ಡ್ ಹಿಡಿದು ಬೆಂಗಳೂರಿಗೆ ಬರುವ ಮುಂಚೆ, ಕಾರ್ಡಿನ ಪಟ್ಟಿಯಲ್ಲಿ ಆ ಆಸ್ಪತ್ರೆ ಇದೆಯಾ ನೋಡಿಕೊಳ್ಳಿ.

ದರ: ರೂಮ್ ಬಾಡಿಗೆಯ ಮೇಲೆ ಕಣ್ಣಿಡಿ

ಸೇರ್ಪಡೆಯಾದ ಮೇಲೆ ಕನ್ಸಲ್ಟೇಶನ್ ಫೀಸ್ ನೂರಿನ್ನೂರು ಜಾಸ್ತಿಯಾದರೆ ಎಲ್ಲರಿಗೂ ಕಾಣುತ್ತದೆ. ನಿಜವಾದ ಹೊಡೆತ ಅಲ್ಲಿಲ್ಲ, ರೂಮ್ ಬಾಡಿಗೆಯಲ್ಲಿದೆ.

ನಮ್ಮಲ್ಲಿ ತುಂಬಾ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆಗೆ ತಕ್ಕಂತೆ ಸರ್ಜನ್ ಫೀಸು, ಓಟಿ (ಆಪರೇಶನ್ ಥಿಯೇಟರ್) ಚಾರ್ಜು, ನರ್ಸಿಂಗ್ ಚಾರ್ಜು ಎಲ್ಲ ಬದಲಾಗುತ್ತವೆ. ಹಳೇ ಪಾಲಿಸಿಗಳಲ್ಲಿ ರೂಮ್ ಬಾಡಿಗೆಗೆ ಮಿತಿ ಇರುತ್ತದೆ. ಸಾಮಾನ್ಯವಾಗಿ ವಿಮೆ ಮೊತ್ತದ ಶೇಕಡಾ 1. ಮಿತಿ ಮೀರಿದ ರೂಮ್ ಹಿಡಿದರೆ ರೂಮಿನ ವ್ಯತ್ಯಾಸವನ್ನಷ್ಟೇ ಅಲ್ಲ, ಉಳಿದ ಚಾರ್ಜುಗಳನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಪಾಲಿಸಿ 4 ಲಕ್ಷದ್ದು, ರೂಮ್ ಮಿತಿ ದಿನಕ್ಕೆ 4,000 ರೂಪಾಯಿ. ಹಳೇ ಆಸ್ಪತ್ರೆಯಲ್ಲಿ ರೂಮು 3,800. ಮಿತಿಯೊಳಗೇ ಇತ್ತು, ಯಾವತ್ತೂ ತೊಂದರೆ ಆಗಿರಲಿಲ್ಲ. ಹೊಸ ದರಪಟ್ಟಿಯಲ್ಲಿ ಅದೇ ರೂಮು, ಅದೇ ಮಂಚ, ಅದೇ ಕಿಟಕಿ, 6,000 ಆಯಿತು ಅಂತಿಟ್ಟುಕೊಳ್ಳಿ. ನಾಲ್ಕು ದಿನ ಇದ್ದಿರಿ. ಸರ್ಜನ್, ಓಟಿ, ಅನಸ್ತೇಶಿಯ, ಎಲ್ಲ ಸೇರಿ 90,000. ಈಗ ಕಂಪನಿ ಕೊಡುವುದು ಆರರಲ್ಲಿ ನಾಲ್ಕು ಪಾಲು, ಅಂದರೆ 60,000. ನಿಮ್ಮ ಕೈಯಿಂದ 30,000. ರೂಮಿನ ವ್ಯತ್ಯಾಸ ದಿನಕ್ಕೆ 2,000ದಂತೆ ಇನ್ನೂ 8,000. ಒಟ್ಟು 38,000 ರೂಪಾಯಿ. ರೂಮಿನ ದರ ಒಂದು ಮೆಟ್ಟಿಲು ಏರಿದ್ದಕ್ಕೆ ಇಷ್ಟು.

ಔಷಧಿ, ಇಂಪ್ಲಾಂಟ್, ರಕ್ತ ಪರೀಕ್ಷೆ, ಸ್ಕ್ಯಾನ್‌ಗಳಿಗೆ ಈ ಕತ್ತರಿ ಹಾಕುವಂತಿಲ್ಲ ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮ ಇದೆ. ಐಸಿಯು ಚಾರ್ಜಿಗೂ ಹಾಕುವಂತಿಲ್ಲ. ರೂಮಿನ ದರ್ಜೆ ನೋಡಿ ಬೇರೆ ಬೇರೆ ದರ ಹಾಕದ ಆಸ್ಪತ್ರೆಯಲ್ಲೂ ಇದು ನಡೆಯುವುದಿಲ್ಲ. ಬಿಲ್ಲಿನಲ್ಲಿ ಇವನ್ನೂ ಸೇರಿಸಿ ಕತ್ತರಿಸಿದ್ದರೆ ಬಿಡಬೇಡಿ, ಬರೆದು ಕೇಳಿ.

ಹಾಗಾಗಿ ಕೌಂಟರ್‌ನಲ್ಲಿ ಕೇಳಬೇಕಾದ ಪ್ರಶ್ನೆ "ಆಪರೇಶನ್‌ಗೆ ಎಷ್ಟಾಗುತ್ತೆ?" ಅಲ್ಲ. "ನನ್ನ ರೂಮ್ ಮಿತಿ ಇಷ್ಟು. ಇದರೊಳಗೆ ಯಾವ ರೂಮ್ ಬರುತ್ತೆ? ಆ ರೂಮಿನ ದರದಲ್ಲಿ ಅಂದಾಜು ಬಿಲ್ ಬರೆದು ಕೊಡಿ." ಬರೆದು ಕೊಡಿ ಅನ್ನೋದು ಮುಖ್ಯ. ಬಾಯಿಮಾತಿನ ಅಂದಾಜು ಡಿಸ್ಚಾರ್ಜ್ ದಿನ ಯಾರಿಗೂ ನೆನಪಿರುವುದಿಲ್ಲ. ದರ ತಿಳಿಯುವುದು ನಿಮ್ಮ ಹಕ್ಕು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಅನ್ನುತ್ತಾರಲ್ಲ, ಆ 2007ರ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ದರವನ್ನು ಪ್ರಕಟಿಸಬೇಕು.

ದೊಡ್ಡ ಸಂಸ್ಥೆ ಸೇರಿದರೆ ಗುಣಮಟ್ಟವಾದರೂ ಮೇಲೇರುತ್ತದೆ ಅಲ್ವಾ ಅಂತ ಕೇಳುವವರಿದ್ದಾರೆ. ಏರಬಹುದು. ಆದರೆ ತನ್ನಷ್ಟಕ್ಕೆ ತಾನೇ ಏರುತ್ತದೆ ಅಂತ ನಂಬಬೇಡಿ. ಅಮೆರಿಕದಲ್ಲಿ ಹೀಗೆ ಕೈ ಬದಲಾದ ಆಸ್ಪತ್ರೆಗಳ ಬಗ್ಗೆ 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಸಾವಿನ ಪ್ರಮಾಣದಲ್ಲಾಗಲಿ, ಮತ್ತೆ ದಾಖಲಾಗುವವರ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೋಗಿಗಳು ತಮ್ಮ ಅನುಭವಕ್ಕೆ ಕೊಟ್ಟ ಅಂಕ ಮಾತ್ರ ಸ್ವಲ್ಪ ಇಳಿದಿತ್ತು. ಅಲ್ಲಿನ ವ್ಯವಸ್ಥೆ ಬೇರೆ, ನಮ್ಮದು ಬೇರೆ, ಸರಿ. ಆದರೂ ನನಗೆ ಆ ಬಲಗೈ ಕಡೆ ಬಂದು ಕೂರುತ್ತಿದ್ದ ಸಿಸ್ಟರ್ ನೆನಪಾದರು.

ಕಾರ್ಡು: ನಿನ್ನೆ ನಡೆದದ್ದು ಇವತ್ತು ನಡೆಯದಿರಬಹುದು

ನಮಗೆ ಅತಿ ಹೆಚ್ಚು ಕಷ್ಟ ಕೊಟ್ಟದ್ದು ಇದೇ. ಬೋರ್ಡ್ ಬದಲಾದ ಎರಡನೇ ತಿಂಗಳು ಅಮ್ಮನಿಗೆ ಜ್ವರ ಬಂದು ಅಡ್ಮಿಟ್ ಮಾಡಿದೆವು. ಹಿಂದಿನ ವರ್ಷ ಅದೇ ಕೌಂಟರ್‌ನಲ್ಲಿ ಕ್ಯಾಶ್‌ಲೆಸ್ ಆಗಿತ್ತು, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟಿತ್ತು. ಈ ಸಲ "ನಿಮ್ಮ ಕಂಪನಿ ಜತೆ ಹೊಸ ಅಗ್ರಿಮೆಂಟ್ ಇನ್ನೂ ಆಗಿಲ್ಲ, ಮೊದಲು ಕಟ್ಟಿ, ಆಮೇಲೆ ಕ್ಲೇಮ್ ಮಾಡಿಕೊಳ್ಳಿ" ಎಂದರು. ರಾತ್ರಿ ಹತ್ತು ಗಂಟೆಗೆ ಅಣ್ಣ ಮೂರು ಮನೆಗೆ ಫೋನ್ ಮಾಡಿ ದುಡ್ಡು ಹೊಂದಿಸಿದ.

ಆಸ್ಪತ್ರೆಗೂ ವಿಮಾ ಕಂಪನಿಗೂ ಒಂದು ಒಪ್ಪಂದ ಇರುತ್ತದೆ, ಯಾವ ಚಿಕಿತ್ಸೆಗೆ ಎಷ್ಟು ಅಂತ. ಆಸ್ಪತ್ರೆ ನಡೆಸುವ ಕಂಪನಿ ಬದಲಾದರೆ ಆ ಒಪ್ಪಂದವನ್ನು ಹೊಸದಾಗಿ ಮಾಡಿಕೊಳ್ಳಬೇಕಾಗಬಹುದು. ದೊಡ್ಡ ಚೈನ್ ಜಾಸ್ತಿ ದರ ಕೇಳಿದರೆ ಮಾತುಕತೆ ಎಳೆಯುತ್ತದೆ. ನಡುವಿನ ಆ ತಿಂಗಳುಗಳಲ್ಲಿ ಸಿಕ್ಕಿಕೊಳ್ಳುವವರು ರೋಗಿಗಳು. ಇನ್ನೊಂದು ಕಡೆ, ದೊಡ್ಡ ಸಂಸ್ಥೆಗೆ ಜಾಸ್ತಿ ಕಂಪನಿಗಳ ಜತೆ ಒಪ್ಪಂದ ಇರುವುದರಿಂದ, ಸಣ್ಣ ಆಸ್ಪತ್ರೆಯಲ್ಲಿ ನಡೆಯದಿದ್ದ ನಿಮ್ಮ ಪಾಲಿಸಿ ಈಗ ನಡೆಯಲೂಬಹುದು. ಎರಡೂ ಸಾಧ್ಯ. ಅದಕ್ಕೇ ಕೇಳಬೇಕು, ಅದೂ ಹುಷಾರಾಗಿರುವಾಗಲೇ.

ಯಾರನ್ನು ಕೇಳುವುದು? ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಮತ್ತು ವಿಮಾ ಕಂಪನಿ, ಎರಡೂ ಕಡೆ. ಒಬ್ಬರ ಮಾತು ಸಾಲದು. ಕಂಪನಿಗೆ ಫೋನ್ ಮಾಡುವಾಗ ಆಸ್ಪತ್ರೆಯ ರೋಹಿಣಿ ನಂಬರ್ ಹೇಳಿ. ವಿಮಾ ಲೋಕದಲ್ಲಿ ಪ್ರತಿ ಆಸ್ಪತ್ರೆಗೂ ಇರುವ 13 ಅಂಕಿಯ ಗುರುತು ಅದು. ಹಳೇ ಹೆಸರು, ಹೊಸ ಹೆಸರು ಅಂತ ಗೊಂದಲ ಆಗುವ ಸಮಯದಲ್ಲಿ ಈ ನಂಬರ್ ತುಂಬಾ ಕೆಲಸಕ್ಕೆ ಬರುತ್ತದೆ.

ಆಸ್ಪತ್ರೆ ನಿಮ್ಮ ಕಂಪನಿಯ ನೆಟ್‌ವರ್ಕ್‌ನಲ್ಲಿ, ಅಂದರೆ ಒಪ್ಪಂದ ಇರುವ ಆಸ್ಪತ್ರೆಗಳ ಪಟ್ಟಿಯಲ್ಲಿ, ಇಲ್ಲ ಅಂದರೂ ಕ್ಯಾಶ್‌ಲೆಸ್‌ಗೆ ಒಂದು ದಾರಿ ಇದೆ. 2024ರ ಜನವರಿಯಲ್ಲಿ ವಿಮಾ ಕಂಪನಿಗಳ ಒಕ್ಕೂಟ 'ಕ್ಯಾಶ್‌ಲೆಸ್ ಎವ್ರಿವೇರ್' ಶುರು ಮಾಡಿತು. ಮೊದಲೇ ಗೊತ್ತಿರುವ ಆಪರೇಶನ್ ಆದರೆ 48 ಗಂಟೆ ಮುಂಚೆ, ತುರ್ತು ಆದರೆ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಬೇಕು. ಅಣ್ಣ ಅವತ್ತು ರಾತ್ರಿ ಮೂರು ಮನೆಗೆ ಫೋನ್ ಮಾಡಿದಾಗ ನಮಗೆ ಈ ವಿಷಯ ಗೊತ್ತಿರಲಿಲ್ಲ. 2024ರ ಮೇ ತಿಂಗಳಲ್ಲಿ ಐಆರ್‌ಡಿಎಐ ಇನ್ನೊಂದು ಗಡುವು ಹಾಕಿತು. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯಲ್ಲಿ ಕಂಪನಿ ಉತ್ತರ ಕೊಡಬೇಕು.

ಸರ್ಕಾರಿ ಯೋಜನೆಗಳ ಮೇಲೆ ನಿಂತಿರುವ ಮನೆಗಳು ಇನ್ನೂ ಹುಷಾರಾಗಿರಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಜಾರಿಯಾದ ಯೋಜನೆ. ಈಗ ಅದೂ 5 ಲಕ್ಷದ ತನಕ. ಇವು ನಡೆಯುವುದು ನೋಂದಾಯಿತ ಆಸ್ಪತ್ರೆಗಳಲ್ಲಿ, ಅದೂ ನೋಂದಾಯಿತ ಚಿಕಿತ್ಸೆಗಳಿಗೆ ಮಾತ್ರ. ಊರಿನ ಆಸ್ಪತ್ರೆ ಯಶಸ್ವಿನಿಯಲ್ಲಿ ಇತ್ತು ಅಂದ ಮಾತ್ರಕ್ಕೆ ಹೊಸ ಯಜಮಾನರು ಅದನ್ನು ಮುಂದುವರಿಸುತ್ತಾರೆ ಅಂತ ಇಟ್ಟುಕೊಳ್ಳಬೇಡಿ. ಹೃದಯಕ್ಕೆ ಇಟ್ಟುಕೊಂಡು ಮೂಳೆಗೆ ಬಿಡಬಹುದು. "ಈ ಆಸ್ಪತ್ರೆಯಲ್ಲಿ ಈ ಕಾಯಿಲೆಗೆ ಕಾರ್ಡ್ ನಡೆಯುತ್ತಾ?" ಅಂತ ಎರಡನ್ನೂ ಸೇರಿಸಿ ಕೇಳಿ. ಆಸ್ಪತ್ರೆಯಲ್ಲಿ ಯೋಜನೆಯ ಪರವಾಗಿ ರೋಗಿಗಳಿಗೆ ಸಹಾಯ ಮಾಡುವ ಆರೋಗ್ಯಮಿತ್ರರು ಹೇಳುತ್ತಾರೆ, 104ಕ್ಕೂ ಫೋನ್ ಮಾಡಬಹುದು.

ಇದರ ಬಗ್ಗೆ ನನ್ನ ನಿಲುವು ಗಟ್ಟಿ. ನಿಮ್ಮ ಚಿಕಿತ್ಸೆ ನಡೆಯುತ್ತಿರುವುದೇ ಸರ್ಕಾರಿ ಕಾರ್ಡಿನ ಮೇಲೆ ಅಂತಾದರೆ, ಮೊದಲು ಕಾರ್ಡು, ಆಮೇಲೆ ಡಾಕ್ಟರು, ಕೊನೆಗೆ ಹೆಸರು. ಸಾಲ ಮಾಡಿ ಹಳೇ ಆಸ್ಪತ್ರೆಯಲ್ಲೇ ಉಳಿಯುವ ಮನೆಗಳನ್ನು ನಾನು ಕಂಡಿದ್ದೇನೆ. ಆ ಸಾಲ ಕಾಯಿಲೆ ವಾಸಿಯಾದ ಮೇಲೂ ಉಳಿಯುತ್ತದೆ.

ಈಗ ಹೋಲಿಕೆಗೆ ಬರೋಣ

ಅಲ್ಲೇ ಇರುವುದು. ಡಾಕ್ಟರು ಅಲ್ಲೇ ಇದ್ದಾರೆ, ಕಾರ್ಡ್ ನಡೆಯುತ್ತದೆ, ರೂಮ್ ಮಿತಿಯೊಳಗೆ ಬರುತ್ತದೆ ಅಂದರೆ ಸುಮ್ನೆ ಬದಲಾಯಿಸಬೇಡಿ. ದೊಡ್ಡ ಸಂಸ್ಥೆ ಬಂದರೆ ಒಳ್ಳೆಯದೂ ಆಗುತ್ತದೆ. ಮೊದಲು ಎಂಆರ್‌ಐಗೆ ಬೇರೆ ಕಡೆ ಕಳಿಸುತ್ತಿದ್ದ ಆಸ್ಪತ್ರೆಗೆ ಯಂತ್ರ ಬರಬಹುದು. ರಾತ್ರಿ ಹೊತ್ತು ಸ್ಪೆಷಲಿಸ್ಟ್ ಸಿಗಬಹುದು. ಕೈಮೀರಿದ ಕೇಸನ್ನು ಅದೇ ಸಂಸ್ಥೆಯ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಸುಲಭವಾಗುತ್ತದೆ. ಅಲ್ಲೂ ಒಂದು ಮಾತು: ಸಾಗಿಸುವ ಮುಂಚೆ "ಇದು ಇಲ್ಲೇ ಆಗೋದಿಲ್ವಾ? ಬೇರೆ ಸಂಸ್ಥೆಗೆ ಹೋಗಬಹುದಾ?" ಅಂತ ಕೇಳಿ. ಒಂದೇ ಚೈನ್‌ನೊಳಗೇ ಹೋಗಬೇಕು ಅಂತ ಯಾವ ಕಾನೂನೂ ಇಲ್ಲ. ಔಷಧಿ, ಪರೀಕ್ಷೆಗಳೂ ಹಾಗೆಯೇ. ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ, ಎಲ್ಲಿ ಬೇಕಾದರೂ ಔಷಧಿ ಕೊಳ್ಳುವ, ಪರೀಕ್ಷೆ ಮಾಡಿಸುವ ಹಕ್ಕು ಸೇರಿದೆ.

ಡಾಕ್ಟರ ಹಿಂದೆ ಹೋಗುವುದು. ಆರಂಭದಲ್ಲಿ ನನ್ನ ಮನಸ್ಸು ಪೂರ್ತಿ ಇದರ ಕಡೆ ಇತ್ತು. ಈಗ ಅರ್ಧ ಇದೆ. ಶುಗರ್, ಥೈರಾಯ್ಡ್, ಕಿಡ್ನಿ, ಸಂಧಿವಾತ, ಮಾನಸಿಕ ಕಾಯಿಲೆ, ಇಂಥವಕ್ಕೆ ನಿಮ್ಮನ್ನು ವರ್ಷಗಟ್ಟಲೆ ಕಂಡ ಡಾಕ್ಟರೇ ದೊಡ್ಡ ಆಸ್ತಿ. ಯಾವ ಮಾತ್ರೆ ಕೊಟ್ಟರೆ ಕಾಲು ಊದುತ್ತದೆ ಅಂತ ಅವರಿಗೆ ಗೊತ್ತು. ಅವರು ಹೊಸ ಕಡೆ ಅಥವಾ ಸ್ವಂತ ಕ್ಲಿನಿಕ್‌ಗೆ ಹೋದರೆ ಹೋಗಿ. ಆದರೆ ಆಪರೇಶನ್‌ಗೆ ಡಾಕ್ಟರೊಬ್ಬರೇ ಸಾಲದು. ಅನಸ್ತೇಶಿಯ ಕೊಡುವವರು, ಐಸಿಯು, ರಾತ್ರಿ ಪಾಳಿಯ ನರ್ಸುಗಳು, ರಕ್ತನಿಧಿ, ಎಲ್ಲ ಬೇಕು. ನೆಚ್ಚಿನ ಸರ್ಜನ್ ಒಂದು ಸಣ್ಣ ನರ್ಸಿಂಗ್ ಹೋಂಗೆ ಹೋಗಿದ್ದರೆ "ಇಲ್ಲಿ ಐಸಿಯು ಇದೆಯಾ, ರಾತ್ರಿ ಯಾರಿರುತ್ತಾರೆ?" ಅಂತ ಸಂಕೋಚ ಬಿಟ್ಟು ಕೇಳಿ. ಒಳ್ಳೆಯ ಡಾಕ್ಟರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಡಾಕ್ಟರು ಎಲ್ಲಿಗೆ ಹೋದರು ಅಂತ ಹಳೇ ಆಸ್ಪತ್ರೆಯ ಕೌಂಟರ್‌ನಲ್ಲಿ ಎಷ್ಟೋ ಸಲ ಹೇಳುವುದಿಲ್ಲ. "ಅವರು ಈಗ ಬರ್ತಿಲ್ಲ, ಬೇರೆ ಡಾಕ್ಟರ್ ಇದ್ದಾರೆ" ಅನ್ನುತ್ತಾರೆ ಅಷ್ಟೇ. ಡಾಕ್ಟರು ಇನ್ನೂ ಅಲ್ಲಿರುವಾಗಲೇ "ಸಾರ್, ನೀವು ಇಲ್ಲೇ ಇರ್ತೀರಾ?" ಅಂತ ಒಂದು ಮಾತು ಕೇಳಿ ಇಟ್ಟುಕೊಳ್ಳಿ. ನಮ್ಮ ಕಿಡ್ನಿ ಡಾಕ್ಟರು ಆ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಚೀಟಿಯ ಹಿಂದೆ ಸಂಜೆ ಕ್ಲಿನಿಕ್ಕಿನ ವಿಳಾಸ ಬರೆದು ಕೊಟ್ಟರು.

ಇನ್ನೊಂದು ಸಣ್ಣ ಆಸ್ಪತ್ರೆಗೆ ಹೋಗುವುದು. ಹೆರಿಗೆ, ಹರ್ನಿಯಾ, ಡೆಂಗಿ ಜ್ವರ, ಮಕ್ಕಳ ಸಾಮಾನ್ಯ ಕಾಯಿಲೆಗೆ ಒಳ್ಳೆಯ ಆಯ್ಕೆ. ಖರ್ಚು ಕಡಿಮೆ, ಮಾತಾಡಲು ಜನ ಸಿಗುತ್ತಾರೆ. ಕೈಮೀರಿದರೆ ಎಲ್ಲಿಗೆ ಕಳಿಸುತ್ತಾರೆ, ಆಂಬುಲೆನ್ಸ್ ಯಾರದು, ಇಷ್ಟು ತಿಳಿದುಕೊಂಡರೆ ಸಾಕು.

ಸರ್ಕಾರಿ ಆಸ್ಪತ್ರೆ. ಮಧ್ಯಮ ವರ್ಗದ ನಾವು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತಪ್ಪು. ಹೃದಯಕ್ಕೆ ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ಮೆದುಳು-ನರಕ್ಕೆ ನಿಮ್ಹಾನ್ಸ್. ಇಲ್ಲಿನ ಡಾಕ್ಟರ ಕೈಯಲ್ಲಿ ಹಾದುಹೋಗುವಷ್ಟು ರೋಗಿಗಳು ಹೆಚ್ಚಿನ ಖಾಸಗಿ ಆಸ್ಪತ್ರೆಗಳಲ್ಲಿ ಹಾದುಹೋಗುವುದಿಲ್ಲ. ಕಾಯಬೇಕು, ಕ್ಯೂ ನಿಲ್ಲಬೇಕು, ಜತೆಗೆ ಓಡಾಡಲು ಒಬ್ಬರು ಬೇಕು. ಮನೆಯಲ್ಲಿ ಅಂಥ ಒಬ್ಬರಿದ್ದರೆ ಇದು ಗಟ್ಟಿ ಆಯ್ಕೆ.

ಕೆಲವರ ವಿಷಯ ಬೇರೆ

ಡಯಾಲಿಸಿಸ್‌ನವರು ದುಡುಕಿ ಜಾಗ ಬದಲಿಸಬೇಡಿ. ಹೊಸ ಕಡೆ ಖಾಯಂ ಸ್ಲಾಟ್ ಖಚಿತವಾದ ಮೇಲೆಯೇ ಹಳೇ ಕಡೆ ಬಿಡಿ. ವಾರಕ್ಕೆ ಮೂರು ಸಲದಲ್ಲಿ ಒಂದು ತಪ್ಪಿದರೂ ಜೀವಕ್ಕೆ ಕುತ್ತು. ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲಿನ ತೂಕ), ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಕೈಯಲ್ಲಿ ಮಾಡಿದ ರಕ್ತನಾಳದ ಜೋಡಣೆ) ವಿವರ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಿಪೋರ್ಟ್, ಇಷ್ಟು ಕೈಯಲ್ಲಿರಲಿ. ಅದಿಲ್ಲದೆ ಹೊಸ ಕಡೆ ಯಂತ್ರಕ್ಕೆ ಹಾಕುವುದಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿಎಲ್‌ನವರಿಗೆ ಉಚಿತ ಡಯಾಲಿಸಿಸ್ ಇದೆ ಅನ್ನುವುದೂ ನೆನಪಿರಲಿ.

ಬಸುರಿ ಹೆಂಗಸರು ಏಳು ತಿಂಗಳಾದ ಮೇಲೆ ಬದಲಾಯಿಸುವುದಾದರೆ ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್, ರಕ್ತದ ಗುಂಪಿನ ರಿಪೋರ್ಟ್ ಇಟ್ಟುಕೊಂಡು ಹೊರಡಿ. ಅಲ್ಲೇ ಇರುವುದಾದರೆ, ಮೊದಲು ಹೇಳಿದ ಹೆರಿಗೆ ಪ್ಯಾಕೇಜ್ ಈಗಲೂ ಅಷ್ಟೇನಾ ಅಂತ ಬರೆಸಿಕೊಳ್ಳಿ. ಮಗುವಿಗೆ ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಬೇಕಾದರೆ ಅದು ಸಾಮಾನ್ಯವಾಗಿ ಪ್ಯಾಕೇಜಿನ ಹೊರಗೆ. ಅದರ ದಿನದ ದರವನ್ನೂ ಕೇಳಿ.

ಕ್ಯಾನ್ಸರ್ ಚಿಕಿತ್ಸೆ ಅರ್ಧದಲ್ಲಿದ್ದರೆ ಸಾಧ್ಯವಾದಷ್ಟೂ ಅಲ್ಲೇ ಮುಗಿಸಿ. ಹೋಗಲೇಬೇಕಾದರೆ ರಿಪೋರ್ಟ್ ಒಂದೇ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಕೀಮೋ ಯಾವ ದಿನ, ಯಾವ ಔಷಧಿ, ಎಷ್ಟು ಮಿಲಿಗ್ರಾಂ ಅನ್ನುವ ಪಟ್ಟಿ ಬೇಕು. ಲ್ಯಾಬ್ ಹಸ್ತಾಂತರದ ಗಲಾಟೆಯಲ್ಲಿ ಇಂಥ ಸ್ಲೈಡುಗಳು ಯಾವ ಕಪಾಟಿಗೆ ಹೋದವು ಅಂತ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಎದೆನೋವು, ಪಾರ್ಶ್ವವಾಯು, ಅಪಘಾತ: ಇವಕ್ಕೆ ಮೇಲಿನ ಯಾವ ಹೋಲಿಕೆಯೂ ಬೇಡ. ಹತ್ತಿರದ, ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ. ಹೊಸ ಬೋರ್ಡ್ ಇಷ್ಟವಿಲ್ಲ ಅಂತ ಇನ್ನೊಂದು ಆಸ್ಪತ್ರೆಗೆ ನಲವತ್ತು ನಿಮಿಷ ಟ್ರಾಫಿಕ್‌ನಲ್ಲಿ ಹೋಗಬೇಡಿ. ತುರ್ತು ಹೊತ್ತಿನಲ್ಲಿ ಮೊದಲು ಜೀವ ಉಳಿಸಬೇಕು, ಉಳಿದದ್ದು ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಹಳ್ಳಿ ಕಡೆಯವರಿಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಫೈಲು: ಯಾವ ದಾರಿ ಹಿಡಿದರೂ ಇದನ್ನು ಮೊದಲು ಮಾಡಿ

ಸೇರ್ಪಡೆಯ ಸುದ್ದಿ ಪೇಪರಿನಲ್ಲಿ ಬಂದ ವಾರವೇ ಹೋಗಿ ದಾಖಲೆ ಕೇಳಿ. ಸಾಫ್ಟ್‌ವೇರ್ ಬದಲಾದ ಮೇಲೆ ಹಳೇದನ್ನು ತೆಗೆಸುವುದು ಕಷ್ಟ. ವೈದ್ಯಕೀಯ ಮಂಡಳಿಯ 2002ರ ನಿಯಮ ಇನ್ನೂ ಜಾರಿಯಲ್ಲಿದೆ. ಅದರ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಬೇಡಿ. ಒಂದು ಬಿಳಿ ಹಾಳೆಯಲ್ಲಿ ಬರೆದು, ನಕಲು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಬಿದ್ದ ಮೇಲೆ ಕೆಲಸ ಬೇಗ ಆಗುತ್ತದೆ, ನನ್ನ ಅನುಭವ.

ಡಿಸ್ಚಾರ್ಜ್ ಸಮರಿ, ಆಪರೇಶನ್ ನೋಟ್ಸ್, ಸ್ಟೆಂಟ್ ಅಥವಾ ಮಂಡಿ ಚಿಪ್ಪು ಹಾಕಿದ್ದರೆ ಅದರ ಸ್ಟಿಕ್ಕರ್, ಎಕೋ ರಿಪೋರ್ಟ್, ಸ್ಕ್ಯಾನ್‌ಗಳ ಸಿಡಿ. ಫಿಲ್ಮ್ ಸಾಲದು, ಸಿಡಿಯೇ ಬೇಕು, ಹೊಸ ಡಾಕ್ಟರು ಕಂಪ್ಯೂಟರಿನಲ್ಲಿ ತೆಗೆದು ನೋಡುತ್ತಾರೆ. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಮಕ್ಕಳಿಗೂ ಕಳಿಸಿ. ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಾದ 14 ಅಂಕಿಯ ಆಭಾ ನಂಬರ್ ಮಾಡಿಸಿಕೊಂಡು ಅದಕ್ಕೆ ರಿಪೋರ್ಟ್ ಜೋಡಿಸುವ ಸೌಲಭ್ಯವೂ ಇದೆ. ಆದರೆ ಆಸ್ಪತ್ರೆ ಅದಕ್ಕೆ ಹಾಕಿದರೆ ಮಾತ್ರ ಅಲ್ಲಿ ಬರುತ್ತದೆ. ಕಾಗದ ಬಿಸಾಕಬೇಡಿ.

ಲ್ಯಾಬಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಸೇರ್ಪಡೆಯಾದ ಮೇಲೆ ರಕ್ತದ ಮಾದರಿ ಬೇರೆ ಲ್ಯಾಬಿಗೆ ಹೋಗಬಹುದು. ಯಂತ್ರ ಬದಲಾದರೆ ಕ್ರಿಯಾಟಿನಿನ್, ಥೈರಾಯ್ಡ್‌ನ ಟಿಎಸ್‌ಎಚ್‌ನಂಥ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ. ಅಮ್ಮನ ಕ್ರಿಯಾಟಿನಿನ್ 1.6ರಿಂದ 1.8ಕ್ಕೆ ಏರಿದಾಗ ಮನೆಯವರೆಲ್ಲ ಗಾಬರಿಯಾದೆವು. ಡಾಕ್ಟರು ಮಾತ್ರೆ ಬದಲಾಯಿಸುವ ಬದಲು, ಎರಡು ವಾರ ಬಿಟ್ಟು ಹಳೇ ಲ್ಯಾಬಿನಲ್ಲೇ ಮತ್ತೆ ಮಾಡಿಸಲು ಹೇಳಿದರು. 1.6 ಬಂತು.

ಬಿಲ್ಲು, ದಾಖಲೆ, ಚಿಕಿತ್ಸೆ ಬಗ್ಗೆ ದೂರು ಇದ್ದರೆ ಮೊದಲು ಆಸ್ಪತ್ರೆಗೆ ಲಿಖಿತವಾಗಿ ಕೊಡಿ, ಆಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ. ವಿಮೆಯ ದೂರು ಬೇರೆ. ಕಂಪನಿ, ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ದೂರು ವೆಬ್‌ಸೈಟ್ ಅಥವಾ 155255 ಸಹಾಯವಾಣಿ, ಆಮೇಲೆ ವಿಮೆಯ ದೂರು ತೀರ್ಮಾನಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್.

ಕೊನೆಗೆ ನಾವು ಏನು ಮಾಡಿದೆವು ಅಂತ ಹೇಳಿಬಿಡುತ್ತೇನೆ. ಒಂದೇ ಕಡೆ ಎಲ್ಲ ಆಗಬೇಕು ಅನ್ನುವುದನ್ನು ಬಿಟ್ಟೆವು. ಕಿಡ್ನಿಗೆ ಅಮ್ಮ ಡಾಕ್ಟರ ಸಂಜೆ ಕ್ಲಿನಿಕ್ಕಿಗೆ ಹೋಗುತ್ತಾರೆ. ರಕ್ತ ಪರೀಕ್ಷೆ ಪ್ರತಿ ಸಲವೂ ಅದೇ ಒಂದು ಲ್ಯಾಬಿನಲ್ಲಿ. ರಾತ್ರಿ ಏನಾದರೂ ಆದರೆ ಎರಡು ಸ್ಟಾಪ್ ದೂರದ ಅದೇ ಆಸ್ಪತ್ರೆ, ಹೊಸ ಬೋರ್ಡಿನದೇ. ಅಲ್ಲಿ ಈಗ ನಮ್ಮ ಪಾಲಿಸಿ ನಡೆಯುತ್ತದೆ, ನಾನೇ ಎರಡೂ ಕಡೆ ಕೇಳಿ ಬರೆದುಕೊಂಡಿದ್ದೇನೆ. ಆ ಚೀಟಿ, ರೋಹಿಣಿ ನಂಬರ್, ರೂಮ್ ಮಿತಿ, ಕಿಡ್ನಿ ಡಾಕ್ಟರ ನಂಬರ್ ನಾಲ್ಕೂ ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದೇವೆ. ಚೀಟಿಯ ಕೆಳಗೆ ಅಮ್ಮ ತಾವೇ ಒಂದು ಸಾಲು ಸೇರಿಸಿದ್ದಾರೆ: "ರಕ್ತ ಬಲಗೈಯಲ್ಲಿ ತೆಗೆಯಿರಿ."